ಮೀನಿನ ತೊಟ್ಟಿಗೆ ಆರ್‌ಒ ನೀರು ಹಾಕಬಹುದೇ?

ಪುಣೆಯ ಪಶ್ಚಿಮ ಅಂಚಿನ ವಾಕಡ್‌ನಲ್ಲಿ, ಒಂದು ಸೊಸೈಟಿಯ ಐದನೆಯ ಮಹಡಿಯಲ್ಲಿ ನಮ್ಮ ಮನೆ ಇದೆ. ಹಜಾರದ ಗೋಡೆಯ ಬದಿಗೆ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯೊಂದಿದ್ದು, ಅದರಲ್ಲಿ ಮಗಳು ಗಪ್ಪಿ ಮೀನುಗಳನ್ನು ಸಾಕಿದ್ದಾಳೆ. ಕಳೆದ ವರ್ಷದ ಮೇ ತಿಂಗಳಲ್ಲಿ ಒಂದೇ ರಾತ್ರಿಯಲ್ಲಿ ಆ ತೊಟ್ಟಿಯ ಹದಿನಾಲ್ಕು ಮೀನುಗಳ ಪೈಕಿ ಒಂಬತ್ತು ಸತ್ತುಹೋದವು. ಅದಕ್ಕೂ ಹಿಂದಿನ ಎರಡು ತಿಂಗಳು ನಾನು ತೊಟ್ಟಿಗೆ ಹಾಕುತ್ತಿದ್ದದ್ದು ನಾವೇ ಕುಡಿಯುವ ಆರ್‌ಒ ನೀರು, ಅಂದರೆ ಪೊರೆಯ ಮೂಲಕ ಸೋಸಿ ಲವಣ ತೆಗೆಯುವ ಯಂತ್ರದ ನೀರು. ಅದಕ್ಕಿಂತ ಒಳ್ಳೆಯ ನೀರು ಮನೆಯಲ್ಲಿ ಇನ್ನೊಂದಿಲ್ಲ ಎಂದು ನಂಬಿ, ಅಳೆದು ಅಳೆದು ಹಾಕುತ್ತಿದ್ದೆ. ಆ ನಂಬಿಕೆ ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಹೋಗಿ ನೀರಿನ ಬಗ್ಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮೀನು ಸಾಕಲು ಹೊರಟ ಸ್ನೇಹಿತರು ನನ್ನನ್ನು ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಿದೆ: ಫಿಲ್ಟರ್ ನೀರು ಹಾಕಿದರೆ ಮೀನಿಗೆ ಒಳ್ಳೆಯದಲ್ಲವೇ?

ಮೊದಲು ನಮ್ಮ ನಳಕ್ಕೆ ಬರುವ ನೀರಿನ ಮಾತು. ಮಳೆಗಾಲದಿಂದ ಸುಮಾರು ಜನವರಿಯವರೆಗೆ ನಮಗೆ ಸಿಗುವುದು ಪವನಾ ನದಿಯ ನೀರು. ಸಹ್ಯಾದ್ರಿಯ ಮೇಲೆ ಸುರಿದ ಮಳೆ ಅಣೆಕಟ್ಟಿನಲ್ಲಿ ನಿಂತು, ಹೊಳೆಗುಂಟ ಹರಿದು ಬರುವ ಈ ನೀರು ಬಂಡೆಗಳ ಆಳಕ್ಕೆ ಇಳಿದು ಅಲ್ಲಿ ಕಾಲ ಕಳೆದಿರುವುದಿಲ್ಲವಾದ್ದರಿಂದ ಅದರಲ್ಲಿ ಖನಿಜ ಕಡಿಮೆ. ಪುಣೆ ನಗರಕ್ಕೆ ಖಡಕ್‌ವಾಸ್ಲಾದಿಂದ ಬರುವ ನೀರಿನ ಗುಣವೂ ಹೀಗೆಯೇ. ಫೆಬ್ರವರಿ ಕಳೆಯುತ್ತಿದ್ದಂತೆ ನಳದ ನೀರು ಸಾಲದಾಗಿ, ಸೊಸೈಟಿಯ ನೆಲದಡಿಯ ಸಂಪ್‌ಗೆ ಟ್ಯಾಂಕರ್ ನೀರು ಸೇರತೊಡಗುತ್ತದೆ. ಟ್ಯಾಂಕರಿನವರು ತರುವುದು ಸುತ್ತಲಿನ ಕೊಳವೆಬಾವಿಗಳ ನೀರನ್ನು. ದಖ್ಖನ್ನಿನ ಕಪ್ಪು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಯಥೇಚ್ಛವಾಗಿ ಕರಗಿರುತ್ತವೆ. ನನ್ನ ಟಿಡಿಎಸ್ ಮೀಟರ್ ಅದೇ ನಳದ ಕೆಳಗೆ ನವೆಂಬರಿನಲ್ಲಿ 110 ತೋರಿಸುತ್ತದೆ, ಏಪ್ರಿಲಿನಲ್ಲಿ 640 ತೋರಿಸುತ್ತದೆ. ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣ 110 ಮಿಲಿಗ್ರಾಂನಿಂದ 640 ಮಿಲಿಗ್ರಾಂಗೆ ಏರಿರುತ್ತದೆ.

ವಿಜಯಪುರದಿಂದ ಬೇಸಿಗೆಗೆ ಬಂದ ಅವ್ವ ಮೀಟರ್ ಇಲ್ಲದೆಯೇ ಇದನ್ನು ಕಂಡುಹಿಡಿದಳು. ಬಂದ ಮರುದಿನ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಇಟ್ಟವಳು, ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿದ ಬೇಳೆಯನ್ನು ಸೌಟಿನಲ್ಲಿ ಎತ್ತಿ ತೋರಿಸಿ, “ಸವಳ ನೀರ ಐತಿ ಇದು, ಬ್ಯಾಳಿ ಬೇಯಂಗಿಲ್ಲ” ಎಂದು ಹೇಳಿ, ಅದಕ್ಕೊಂದು ಚಿಟಿಕೆ ಅಡುಗೆ ಸೋಡಾ ಹಾಕಿದಳು. ನಮ್ಮ ಊರ ಕಡೆ ಸವಳು, ಸಿಹಿ ಎಂಬ ಎರಡು ಮಾತಿನಲ್ಲಿ ಜನ ಊರಿನ ಬಾವಿಗಳನ್ನೆಲ್ಲ ವಿಂಗಡಿಸಿ ಇಟ್ಟಿರುತ್ತಾರೆ. ರಸಾಯನಶಾಸ್ತ್ರದ ಪುಸ್ತಕಗಳು ಗಡಸು ನೀರು, ಮೆದು ನೀರು ಎನ್ನುವುದು ಬಹುಮಟ್ಟಿಗೆ ಇದನ್ನೇ.

ಟ್ಯಾಂಕರ್ ನೀರು ಬರತೊಡಗಿದ ಮೇಲೆ ತೊಟ್ಟಿಯ ಗಾಜಿನ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ, ಉಜ್ಜಿದರೂ ಹೋಗದ ಬಿಳಿಯ ಪಟ್ಟೆಯೊಂದು ಮೂಡಿತು. ಮೀನುಗಳೇನೋ ಚೆನ್ನಾಗಿಯೇ ಇದ್ದವು, ಮರಿ ಹಾಕುತ್ತಲೂ ಇದ್ದವು. ಪಟ್ಟೆಯನ್ನು ಕಂಡು ಹೆದರಿದ್ದು ನಾನು. ಆಹಾರದ ಡಬ್ಬಿ ತರಲು ಹೋದಾಗ ಅಂಗಡಿಯವರನ್ನು ವಿಚಾರಿಸಿದೆ. ಟ್ಯಾಂಕರ್ ನೀರು ಬೇಡ, ಮನೆಯಲ್ಲಿ ಆರ್‌ಒ ಇದ್ದರೆ ಅದನ್ನೇ ಹಾಕಿ ಎಂದು ಅವರು ಹೇಳಿದರು. ಮಾರ್ಚ್ ನಡುವಿನಿಂದ ಪ್ರತಿ ಭಾನುವಾರ ಹನ್ನೆರಡು ಲೀಟರ್ ಹಳೆಯ ನೀರು ತೆಗೆದು, ಹನ್ನೆರಡು ಲೀಟರ್ ಆರ್‌ಒ ನೀರು ತುಂಬುವುದು ರೂಢಿಯಾಯಿತು. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನಮ್ಮ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 45 ಲೀಟರ್. ವಾರಕ್ಕೆ ಹನ್ನೆರಡು ಲೀಟರಿನಂತೆ ಒಂಬತ್ತು ವಾರ ಬದಲಾಯಿಸಿದರೆ ಮೊದಲಿದ್ದ ನೀರಿನಲ್ಲಿ ಹದಿನಾರರ ಒಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ ಎಂಬ ಲೆಕ್ಕವನ್ನು ನಾನು ಆಗ ಮಾಡಿರಲಿಲ್ಲ.

ಏಪ್ರಿಲ್ ಕೊನೆಯ ಹೊತ್ತಿಗೆ ಗಪ್ಪಿಗಳು ಮಂಕಾದವು. ಬೀಸಣಿಗೆಯಂತೆ ಹರಡಿರುತ್ತಿದ್ದ ಬಾಲ ಮುದುಡಿಕೊಂಡಿತು. ಕೆಲವು ಮುಂದೆ ಸಾಗದೆ ನಿಂತಲ್ಲಿಯೇ ಮೈ ಹೊಯ್ದಾಡಿಸುತ್ತಿದ್ದವು. ಹೊಸ ಮರಿ ಕಾಣಲಿಲ್ಲ. ಪುಣೆಯ ಸೆಕೆಗೆ ಹೀಗಾಗಿದೆ ಎಂದುಕೊಂಡೆ. ಮೇ ಮೂರನೆಯ ವಾರದಲ್ಲಿ ಆರ್‌ಒ ಯಂತ್ರದ ಪಂಪ್ ಕೆಟ್ಟಿತು, ದುರಸ್ತಿಯವರು ಬರಲು ನಾಲ್ಕು ದಿನವಾಗುತ್ತದೆ ಎಂದರು. ಮೀನುಗಳ ಸ್ಥಿತಿ ನೋಡಿ ಕಾಯಲಾರದೆ, ಆ ಸಂಜೆ ಅರ್ಧ ತೊಟ್ಟಿ ಖಾಲಿ ಮಾಡಿ, ಕ್ಲೋರಿನ್ ನಿವಾರಕ ಹನಿಗಳನ್ನು ಬೆರೆಸಿದ ಟ್ಯಾಂಕರ್ ನೀರನ್ನು ತುಂಬಿದೆ. ರಾತ್ರಿ ಹತ್ತರ ಹೊತ್ತಿಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಬೆಳಿಗ್ಗೆ ಮಗಳು ನನಗಿಂತ ಮೊದಲೇ ಎದ್ದು ತೊಟ್ಟಿಯ ಮುಂದೆ ನಿಂತಿದ್ದಳು. “ಅಪ್ಪಾ, ಕೆಂಪು ಬಾಲದ್ದೂ ಹೋತು” ಎಂದಳು. ಬೇರೇನೂ ಹೇಳಲಿಲ್ಲ.

ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ನಾನು ಯಾವಾಗಲೂ ತುಳಸಿಗೂ ಕರಿಬೇವಿಗೂ ಹಾಕುತ್ತೇನಾದ್ದರಿಂದ ಆ ದಿನದ ಬಕೆಟ್ಟೂ ಬಾಲ್ಕನಿಯಲ್ಲಿ ಹಾಗೆಯೇ ಇತ್ತು. ಸಂಜೆ ನೀರು ಪರೀಕ್ಷಿಸುವ ಕಿಟ್ ಕೊಂಡು ತಂದು, ನಾಲ್ಕು ಲೋಟಗಳಲ್ಲಿ ನಾಲ್ಕು ನೀರು ಇಟ್ಟುಕೊಂಡು ನಾನೂ ಮಗಳೂ ಕುಳಿತೆವು. ಈ ಕಿಟ್‌ನಲ್ಲಿ ಕಾರ್ಬೊನೇಟ್ ಗಡಸುತನವನ್ನು, ಅಂದರೆ ಮೀನು ಸಾಕುವವರು ಕೆಎಚ್ ಎಂದು ಕರೆಯುವ ಗುಣವನ್ನು ಅಳೆಯುವ ಕ್ರಮ ಬಹಳ ಸರಳ. ಸಣ್ಣ ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು ತೆಗೆದುಕೊಂಡು, ಅದಕ್ಕೆ ಒಂದೊಂದೇ ಹನಿ ದ್ರಾವಣ ಹಾಕಿ ಅಲುಗಾಡಿಸುತ್ತಾ ಹೋಗಬೇಕು. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಎಷ್ಟನೆಯ ಹನಿಗೆ ನೀಲಿ ಹೋಗಿ ಹಳದಿಯಾಗುತ್ತದೆಯೋ ಅಷ್ಟು ಡಿಗ್ರಿ ಕೆಎಚ್. ಟ್ಯಾಂಕರ್ ನೀರು ಹದಿನಾಲ್ಕು ಹನಿಯವರೆಗೂ ನೀಲಿಯಾಗಿಯೇ ಉಳಿದು, ಹದಿನೈದನೆಯದಕ್ಕೆ ಬಣ್ಣ ಬದಲಿಸಿತು. ಹಿಂದಿನ ವಾರ ನಳಕ್ಕೆ ನೇರವಾಗಿ ಬಂದಾಗ ಹಿಡಿದಿಟ್ಟಿದ್ದ ನದಿಯ ನೀರು ನಾಲ್ಕನೆಯ ಹನಿಗೆ ಹಳದಿಯಾಯಿತು. ಬಾಟಲಿಯಲ್ಲಿ ಉಳಿದಿದ್ದ ಆರ್‌ಒ ನೀರಿನಲ್ಲಿ ನೀಲಿ ಕಾಣಿಸಲೇ ಇಲ್ಲ, ಮೊದಲ ಹನಿಗೇ ಹಳದಿ. ಕೊನೆಗೆ ಬಾಲ್ಕನಿಯ ಬಕೆಟ್ಟಿನ ನೀರು. ಅದೂ ಮೊದಲ ಹನಿಗೇ ಹಳದಿ. ಆ ನೀರಿನ ಪಿಎಚ್, ಅಂದರೆ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ ಎಂದು ಹೇಳುವ ಅಂಕಿ, ಪಟ್ಟಿಯ ಕೆಳತುದಿಯಾದ 6ರಲ್ಲಿತ್ತು; ಅಮೋನಿಯದ ನಳಿಕೆ ಕಡು ಹಸಿರಾಗಿತ್ತು, ಅಂದರೆ ಅಮೋನಿಯ ಬಹಳ ಇತ್ತು.

ಆ ಎರಡು ಹಳದಿ ನಳಿಕೆಗಳಲ್ಲಿ ನನ್ನ ಪ್ರಶ್ನೆಗೆ ಉತ್ತರವಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆರ್‌ಒ ಯಂತ್ರದ ಪೊರೆಯ ಮೂಲಕ ಒತ್ತಡದಿಂದ ನೀರನ್ನು ತಳ್ಳಿದಾಗ ಕರಗಿದ ಲವಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹಿಂದೆ ಉಳಿಯುತ್ತದೆ. ಸವಳು ನೀರಿನ ಊರಿನಲ್ಲಿ ಕುಡಿಯುವುದಕ್ಕೆ ಇದು ಅನುಕೂಲ. ನಮಗೆ ಬೇಕಾದ ಖನಿಜಗಳು ಊಟದಲ್ಲಿ ಸಿಗುತ್ತವೆ, ನೀರಿನಲ್ಲಿ ಇಲ್ಲದಿದ್ದರೆ ನಷ್ಟ ಹೆಚ್ಚಿಲ್ಲ. ಮೀನಿನ ಸಂಗತಿ ಬೇರೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣ ಇರುವುದರಿಂದ ನೀರು ಅದರ ಕಿವಿರುಗಳ ಮೂಲಕ ಸದಾ ಒಳಕ್ಕೆ ನುಗ್ಗುತ್ತಿರುತ್ತದೆ, ಲವಣ ಹೊರಕ್ಕೆ ಸೋರುತ್ತಿರುತ್ತದೆ. ಒಳನುಗ್ಗಿದ ನೀರನ್ನು ಮೀನು ತೆಳುವಾದ ಮೂತ್ರವಾಗಿ ಹೊರಹಾಕುತ್ತಾ, ಕಳೆದುಹೋದ ಲವಣವನ್ನು ಕಿವಿರುಗಳಲ್ಲಿರುವ ವಿಶೇಷ ಜೀವಕೋಶಗಳಿಂದ ಸುತ್ತಲಿನ ನೀರಿನಿಂದಲೇ ಹೀರಿಕೊಳ್ಳುತ್ತಾ ಹಗಲಿರುಳು ದುಡಿಯುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಕಿವಿರಿನ ಕೋಶಗಳ ನಡುವಿನ ಸಂದುಗಳನ್ನು ಬಿಗಿಯಾಗಿ ಇಡುವುದರಿಂದ ಸೋರಿಕೆ ತಗ್ಗುತ್ತದೆ. ಖನಿಜವೇ ಇಲ್ಲದ ನೀರಿನಲ್ಲಿ ಸೋರಿಕೆ ಹೆಚ್ಚಿ, ಹೀರಿಕೊಳ್ಳಲು ಲವಣವೂ ಸಿಗದೆ ಮೀನು ಬಳಲುತ್ತದೆ. ಗಪ್ಪಿಯಂತಹ, ಗಡಸು ನೀರಿಗೆ ಒಗ್ಗಿದ ಮೀನಿಗೆ ಇದು ಇನ್ನೂ ಕಷ್ಟ. ನಿಂತಲ್ಲಿಯೇ ಮೈ ಹೊಯ್ದಾಡಿಸುವುದು ಅದರ ಗುರುತು ಎಂಬುದು ನನಗೆ ತಡವಾಗಿ ತಿಳಿಯಿತು.

ಕೆಎಚ್ ವಿಷಯ ಇದಕ್ಕಿಂತ ಗಂಭೀರವಾದದ್ದು. ಮೀನಿನ ಕಿವಿರು ಮತ್ತು ಮಲದಿಂದ, ಉಳಿದ ಆಹಾರದಿಂದ ತೊಟ್ಟಿಯಲ್ಲಿ ಅಮೋನಿಯ ಹುಟ್ಟುತ್ತಲೇ ಇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಾಯಿಸಿ ಮೀನುಗಳನ್ನು ಕಾಪಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಉತ್ಪತ್ತಿಯಾಗುತ್ತದೆ. ನೀರಿನಲ್ಲಿರುವ, ಕೆಎಚ್ ಪರೀಕ್ಷೆ ಅಳೆಯುವ ಬೈಕಾರ್ಬೊನೇಟ್ ಆ ಆಮ್ಲವನ್ನು ನುಂಗಿಕೊಂಡು ಪಿಎಚ್ ಇಳಿಯದಂತೆ ತಡೆಯುತ್ತದೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ಸುಮಾರು ಏಳು ಮಿಲಿಗ್ರಾಂ ಕ್ಷಾರೀಯತೆ, ಅಂದರೆ ಆಮ್ಲ ನುಂಗುವ ಈ ಶಕ್ತಿ, ಖರ್ಚಾಗಿರುತ್ತದೆ. ಕೆಎಚ್‌ನ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಎಂಬುದನ್ನು ನೆನಪಿಟ್ಟರೆ, ನಾಲ್ಕು ಡಿಗ್ರಿಯ ಗಂಟು ಎಷ್ಟು ಬೇಗ ಕರಗುತ್ತದೆ ಎಂದು ಯಾರಾದರೂ ಲೆಕ್ಕ ಹಾಕಬಹುದು. ವಾರವಾರ ನೀರು ಬದಲಾಯಿಸುವುದರಿಂದ ಈ ಗಂಟು ಮತ್ತೆ ತುಂಬಿಕೊಳ್ಳಬೇಕು; ನಾನು ತುಂಬುತ್ತಿದ್ದ ನೀರಿನಲ್ಲಿ ಗಂಟೇ ಇರಲಿಲ್ಲ. ಪಿಎಚ್ 6ರ ಹತ್ತಿರಕ್ಕೆ ಇಳಿದಾಗ ಬ್ಯಾಕ್ಟೀರಿಯಾಗಳ ಕೆಲಸ ಬಹುತೇಕ ನಿಂತು, ಅಮೋನಿಯ ಸಂಗ್ರಹವಾಗತೊಡಗಿತು. ಆದರೂ ಮೀನುಗಳು ಬದುಕಿದ್ದವು, ಏಕೆಂದರೆ ಆಮ್ಲೀಯ ನೀರಿನಲ್ಲಿ ಅಮೋನಿಯ ಹೆಚ್ಚಾಗಿ ಅಮೋನಿಯಂ ಎಂಬ, ಅಷ್ಟಾಗಿ ವಿಷವಲ್ಲದ ರೂಪದಲ್ಲಿ ಇರುತ್ತದೆ. ಅದರ ಮೇಲೆ ನಾನು ಪಿಎಚ್ 8ಕ್ಕೂ ಮೇಲಿದ್ದ ಟ್ಯಾಂಕರ್ ನೀರನ್ನು ಅರ್ಧ ತೊಟ್ಟಿ ಸುರಿದೆ. ಅಷ್ಟೇ ಅಮೋನಿಯ ಇದ್ದರೂ ಅದರಲ್ಲಿ ವಿಷರೂಪದ ಪಾಲು ಪಿಎಚ್ 6ಕ್ಕಿಂತ 8ರಲ್ಲಿ ಸುಮಾರು ನೂರು ಪಟ್ಟು ಹೆಚ್ಚು. ಒಂದು ಸಂಜೆಯಲ್ಲಿ ಆ ಬದಲಾವಣೆಯನ್ನು ನನ್ನ ಕೈಯಾರೆ ಮಾಡಿದ್ದೆ.

ಹಾಗಾದರೆ ಅಂಗಡಿಯವರ ಸಲಹೆ ತಪ್ಪೇ? ಅರ್ಧ ಸರಿ, ಅರ್ಧ ಅಪೂರ್ಣ ಎನ್ನುವುದು ನನ್ನ ಈಗಿನ ತೀರ್ಮಾನ. ಸವಳು ನೀರಿನ ಗಡಸುತನ ತಗ್ಗಿಸಲು ಆರ್‌ಒ ನೀರಿನಷ್ಟು ಒಳ್ಳೆಯ ಸಾಧನ ಮನೆಯಲ್ಲಿ ಬೇರೆ ಇಲ್ಲ. ಆದರೆ ಅದನ್ನು ಬೆರಕೆಗೆ ಬಳಸಬೇಕು, ಅದೊಂದನ್ನೇ ತುಂಬಬಾರದು. ಬೆರಕೆಯ ಲೆಕ್ಕ ಕಷ್ಟದ್ದಲ್ಲ. 640ರ ಟ್ಯಾಂಕರ್ ನೀರು ನಾಲ್ಕು ಲೀಟರ್, 35ರ ಆರ್‌ಒ ನೀರು ಎಂಟು ಲೀಟರ್ ಬೆರೆಸಿದರೆ, 4 × 640 ಮತ್ತು 8 × 35 ಕೂಡಿಸಿ 12ರಿಂದ ಭಾಗಿಸಿದಾಗ ಸುಮಾರು 237 ಬರುತ್ತದೆ. ಅದೇ ಪ್ರಮಾಣದಲ್ಲಿ ಹದಿನೈದು ಡಿಗ್ರಿ ಕೆಎಚ್ ಇದ್ದದ್ದು ಐದಕ್ಕೆ ಇಳಿಯುತ್ತದೆ. ಗಪ್ಪಿಗಳಿಗೆ ಇದು ಹಿತವಾದ ನೀರು. ನಮ್ಮಲ್ಲಿ ಉಳಿದ ಐದು ಮೀನುಗಳು ಜುಲೈ ಹೊತ್ತಿಗೆ ಮತ್ತೆ ಮರಿ ಹಾಕಿದವು. ಬೆರಕೆಯನ್ನು ನೇರವಾಗಿ ತೊಟ್ಟಿಯಲ್ಲಿ ಮಾಡದೆ, ಬಕೆಟ್ಟಿನಲ್ಲಿ ಮಾಡಿ, ಮೀಟರ್ ಹಿಡಿದು ನೋಡಿ, ಆಮೇಲೆ ಸಣ್ಣ ಧಾರೆಯಾಗಿ ಬಿಡುವುದು ಒಳ್ಳೆಯದು. ತೊಟ್ಟಿಯ ನೀರಿಗೂ ಬಕೆಟ್ಟಿನ ನೀರಿಗೂ ಬಹಳ ಅಂತರವಿದ್ದರೆ ಒಂದೇ ದಿನದಲ್ಲಿ ಸರಿಪಡಿಸಲು ಹೋಗಬಾರದು. ದಿನಕ್ಕೆ ಎರಡು ಮೂರು ಲೀಟರಿನಂತೆ ಒಂದು ವಾರ ತೆಗೆದುಕೊಳ್ಳಬೇಕು.

ಟಿಡಿಎಸ್ ಮೀಟರಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಹೆಚ್ಚಿನವರ ಮನೆಯಲ್ಲಿ ಇರುವುದು ಅದೊಂದೇ. ಆ ಮೀಟರ್ ನೀರಿನ ಮೂಲಕ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಲವಣದ ಮೊತ್ತವನ್ನು ಅಂದಾಜು ಮಾಡುತ್ತದೆ. ಯಾವ ಲವಣ ಎಂದು ಅದು ಹೇಳಲಾರದು. ಕೆಲವು ಕಟ್ಟಡಗಳಲ್ಲಿ ಬಚ್ಚಲಿನ ನಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಹಾಳಾಗದಿರಲಿ ಎಂದು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಕೂಡಿಸಿರುತ್ತಾರೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಮೀಟರ್ ಮಾತ್ರ ಮೊದಲಿನ ಅಂಕಿಯನ್ನೇ ತೋರಿಸುತ್ತದೆ, ಮೀನಿಗೆ ಬೇಕಾದ ಕ್ಯಾಲ್ಸಿಯಂ ಇರುವುದಿಲ್ಲ. ಆದ್ದರಿಂದ ಮೀಟರಿಗೆ ಹಣ ಹಾಕುವ ಮೊದಲು ಕೆಎಚ್ ಮತ್ತು ಒಟ್ಟು ಗಡಸುತನ ಅಳೆಯುವ ಹನಿ ಕಿಟ್‌ಗೆ ಹಾಕಿ ಎಂದು ನಾನು ಹೇಳುತ್ತೇನೆ.

ವರ್ಷವಿಡೀ ಮಹಾನಗರಪಾಲಿಕೆಯ ನೀರೇ ಬರುವ ಮನೆಯವರಿಗೆ ಮೇಲಿನ ಕಷ್ಟ ಯಾವುದೂ ಇಲ್ಲ. ಅವರು ಶುದ್ಧೀಕರಿಸಿದ ನೀರಿನ ಯೋಚನೆಯನ್ನೇ ಬಿಟ್ಟು, ನಳದ ನೀರಿನ ಕ್ಲೋರಿನ್ ಒಂದನ್ನು ತೆಗೆದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500, ಬಳಕೆದಾರರ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ. ಕ್ಲೋರಿನ್ ಇಲ್ಲದಿದ್ದರೆ ನಮಗೆ ಕಾಲರಾ, ಕಾಮಾಲೆಯ ಭಯ. ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರು ತುಂಬಿ ಗಾಳಿ ಪಂಪಿನ ಕಲ್ಲನ್ನು ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಆತುರವಿದ್ದರೆ ಸೋಡಿಯಂ ಥಯೊಸಲ್ಫೇಟ್ ಬೆರೆಸಬಹುದು. ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಮಳೆಗಾಲದಲ್ಲಿ ನದಿ ಕೆಂಪಾಗಿ ಹರಿಯುವಾಗ ನೀರಿಗೆ ಕೆಸರು ತಿಳಿಯಾಗಿಸುವ ಸ್ಫಟಿಕವೂ (ಆಲಂ) ಕ್ಲೋರಿನ್ನೂ ಹೆಚ್ಚು ಬೀಳುತ್ತವೆ, ಸ್ಫಟಿಕ ಸ್ವಲ್ಪ ಕ್ಷಾರೀಯತೆಯನ್ನು ತಿನ್ನುತ್ತದೆ. ಜುಲೈ, ಆಗಸ್ಟ್‌ಗಳಲ್ಲಿ ಹನಿ ಎಣಿಸುವುದನ್ನು ತಪ್ಪಿಸಬಾರದು.

ಯುವಿ ಯಂತ್ರ ಇರುವವರು ಅದರ ನೀರನ್ನು ನಳದ ನೀರೆಂದೇ ಎಣಿಸಬಹುದು. ಆ ಬೆಳಕು ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಒಂದು ಹರಳು ಲವಣವನ್ನೂ ತೆಗೆಯುವುದಿಲ್ಲ. ಆರ್‌ಒ ಯಂತ್ರಗಳಲ್ಲಿಯೂ ಅನೇಕವು ಒಳಗಿನ ಸಣ್ಣ ತಿರುಪಿನ ಮೂಲಕ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸಿ ಕೊಡುತ್ತವೆಯಾದ್ದರಿಂದ ನೆರೆಮನೆಯ ಆರ್‌ಒ ನೀರು 35 ಇದ್ದರೆ ನಿಮ್ಮದು 120 ಇರಬಹುದು. ಇನ್ನು ಯಂತ್ರದಿಂದ ಹೊರಗೆ ಹರಿದುಹೋಗುವ ನೀರು: ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರಿನಷ್ಟು ಪೋಲಾಗುವ ಇದನ್ನು ಕಂಡು ನನಗೆ ಯಾವಾಗಲೂ ಸಂಕಟವಾಗುತ್ತಿತ್ತು. ಟ್ಯಾಂಕರ್ ನೀರಿನ ಕಾಲದಲ್ಲಿ ಅದು ನೆಲ ಒರೆಸುವುದಕ್ಕೆ ಮಾತ್ರ ಸರಿ. ಆದರೆ 110ರ ನದಿ ನೀರು ಬರುವಾಗ ಹೊರಹೋಗುವ ನೀರೂ 140ರ ಆಸುಪಾಸಿನಲ್ಲಿರುತ್ತದೆ, ಪೊರೆಗೆ ಮೊದಲಿನ ಇದ್ದಿಲ ಫಿಲ್ಟರನ್ನು ದಾಟಿ ಬಂದಿರುವುದರಿಂದ ಅದರಲ್ಲಿ ಕ್ಲೋರಿನ್ನೂ ಇರುವುದಿಲ್ಲ. ಯಂತ್ರದಲ್ಲಿ ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕದ ಡಬ್ಬಿ ಕೂಡಿಸಿಲ್ಲ ಎಂದು ಖಾತ್ರಿಪಡಿಸಿಕೊಂಡರೆ, ಅಕ್ಟೋಬರಿನಿಂದ ಜನವರಿಯವರೆಗೆ ತೊಟ್ಟಿಗೆ ಈ ನೀರೇ ಆಗುತ್ತದೆ. ನಾನು ಈ ಚಳಿಗಾಲವಿಡೀ ಅದನ್ನೇ ಹಾಕಿದೆ.

ಉಳಿದ ನೀರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇಪ್ಪತ್ತು ಲೀಟರಿನ ಕ್ಯಾನ್ ನೀರು ಕೂಡ ಹೆಚ್ಚಾಗಿ ಆರ್‌ಒ ನೀರೇ, ಅದಕ್ಕೂ ಬೆರಕೆಯ ನಿಯಮವೇ. ತಣ್ಣಗೆ ಮಾಡಿ ತರುವ ಜಾರ್ ಆದರೆ ಕೋಣೆಯ ಬಿಸಿಗೆ ಬರುವವರೆಗೆ ಮುಟ್ಟಬೇಡಿ. ಬ್ಯಾಟರಿಗೆ ಹಾಕುವ ನೀರಿನಲ್ಲಿ ಖನಿಜ ಇರುವುದೇ ಇಲ್ಲ, ಅದು ಮೀನಿಗಾಗಿ ಮಾಡಿದ್ದೂ ಅಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಮೀಟರಿನಲ್ಲಿ ಶುದ್ಧವೆಂದು ಕಂಡರೂ ಲೋಹದ ಸುರುಳಿಗಳ ಮೇಲೆ ಇಳಿದು ಬಂದದ್ದು, ಬೇಡವೇ ಬೇಡ. ಬೆಳಿಗ್ಗೆ ಕುಡಿಯಲೆಂದು ತಾಮ್ರದ ತಂಬಿಗೆಯಲ್ಲಿ ತುಂಬಿಟ್ಟ ನೀರನ್ನು ತೊಟ್ಟಿಗೆ ಸುರಿಯುವ ಮನೆಗಳನ್ನು ಕಂಡಿದ್ದೇನೆ. ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಸಿಗಡಿಗೂ ಬಸವನಹುಳಕ್ಕೂ ಮಾರಕ, ಮೀನಿಗೂ ಕೆಡುಕು. ಕುದಿಸಿದರೆ ಸುಣ್ಣ ತಳ ಹಿಡಿದು ಗಡಸುತನ ಸ್ವಲ್ಪ ತಗ್ಗುತ್ತದೆ, ಜೊತೆಗೆ ನೀರಿನಲ್ಲಿದ್ದ ಆಮ್ಲಜನಕವೂ ಹೋಗಿರುತ್ತದೆ; ಗ್ಯಾಸು ಉರಿಸಿ ಮಾಡುವಷ್ಟು ಅದರಿಂದ ಲಾಭವಿಲ್ಲ.

ಬೆರೆಸಲು ಬೇರೆ ನೀರೇ ಇಲ್ಲದೆ ಆರ್‌ಒ ಒಂದನ್ನೇ ನೆಚ್ಚಬೇಕಾದವರು, ಅಥವಾ ಡಿಸ್ಕಸ್ ಮೀನು, ಸಣ್ಣ ಸಿಗಡಿಗಳಂತಹ ನಾಜೂಕಿನ ಜೀವಿಗಳನ್ನು ಸಾಕುವವರು ಖನಿಜವನ್ನು ತಾವೇ ಸೇರಿಸಬೇಕಾಗುತ್ತದೆ. ಅದಕ್ಕೆಂದೇ ಪುಡಿಗಳು ಸಿಗುತ್ತವೆ. ಕೆಎಚ್ ಒಂದನ್ನೇ ಏರಿಸಬೇಕಿದ್ದರೆ ಅವ್ವ ಬೇಳೆಗೆ ಹಾಕಿದ ಅಡುಗೆ ಸೋಡಾವೇ ಸಾಕು: ಐವತ್ತು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು ಆರು ಗ್ರಾಂ, ಹಾಕಿದರೆ ನಾಲ್ಕು ಡಿಗ್ರಿ ಏರುತ್ತದೆ. ಇದನ್ನು ನಾಲ್ಕು ಭಾಗ ಮಾಡಿ, ಒಂದು ತಂಬಿಗೆ ನೀರಿನಲ್ಲಿ ಕರಗಿಸಿ, ದಿನಕ್ಕೊಂದು ಭಾಗದಂತೆ ಹಾಕಬೇಕು. ಅಮೋನಿಯ ಸಂಗ್ರಹವಾಗಿರುವ ಹಳೆಯ ತೊಟ್ಟಿಗೆ, ಮೊದಲು ಅಮೋನಿಯವನ್ನು ಪರೀಕ್ಷಿಸದೆ, ಹಾಕಲೇಬಾರದು. ಕ್ಯಾಲ್ಸಿಯಂ ಸೋಡಾದಲ್ಲಿ ಇಲ್ಲ. ಅದಕ್ಕೆ ಸುಣ್ಣದ ಕಲ್ಲಿನ ಚೂರುಗಳು ಆಗುತ್ತವೆ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಪುಣೆಯ ಹಳೆಯ ಮನೆಗಳ ಅಡುಗೆಕಟ್ಟೆ, ಅಂಗಳಗಳಲ್ಲೆಲ್ಲ ಅದರ ಫರಸಿ ಕಾಣಸಿಗುತ್ತದೆ. ಒಂದು ಚೂರಿನ ಮೇಲೆ ವಿನೆಗರ್ ಹನಿಸಿದರೆ ಬುರುಬುರು ಎಂದು ನೊರೆ ಏಳುತ್ತದೆ, ಪಕ್ಕದ ಗುಡ್ಡದ ಕಪ್ಪು ಕಲ್ಲಿನ ಮೇಲೆ ಹನಿಸಿದರೆ ಏನೂ ಆಗುವುದಿಲ್ಲ. ನೊರೆ ಬರುವ ಕಲ್ಲು ನೀರಿನ ಗುಣವನ್ನು ಬದಲಿಸುತ್ತದೆ, ನೊರೆ ಬಾರದ್ದು ಸಾಮಾನ್ಯವಾಗಿ ಬದಲಿಸುವುದಿಲ್ಲ ಎಂಬುದು ತೊಟ್ಟಿಗೆ ಅಲಂಕಾರದ ಕಲ್ಲು ಆರಿಸುವಾಗಲೂ ಉಪಯೋಗಕ್ಕೆ ಬರುವ ಪರೀಕ್ಷೆ. ಹವಳದ ಚೂರುಗಳನ್ನು ಮಾತ್ರ ಹುಡುಕಲು ಹೋಗಬೇಡಿ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಮುಂಬಯಿಯಲ್ಲಿ ಈ ಲೆಕ್ಕ ತಿರುಗುಮುರುಗು. ಮುಲುಂಡಿನಲ್ಲಿರುವ ನನ್ನ ಉಡುಪಿ ಕಡೆಯ ಗೆಳೆಯರೊಬ್ಬರ ಮನೆಗೆ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ನೀರು ಬರುತ್ತದೆ. ಅವರ ನಳದಲ್ಲಿ ನಾನು ಅಳೆದಾಗ ಕೆಎಚ್ ಎರಡೇ ಹನಿ. ಅಷ್ಟು ಮೆದು ನೀರನ್ನು ಇನ್ನಷ್ಟು ಶುದ್ಧಗೊಳಿಸಲು ಅವರೂ ಆರ್‌ಒ ಕೊಳ್ಳುವುದರಲ್ಲಿದ್ದರು. ಅದರ ಬದಲು ಮನೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನಿನ ಅಡುಗೆಯಾದಾಗ ಉಳಿದ ಚಿಪ್ಪುಗಳನ್ನು ತೊಳೆದು, ಕುದಿಸಿ, ಒಣಗಿಸಿ, ಒಂದು ಹಿಡಿ ಫಿಲ್ಟರಿನೊಳಗೆ ಇಟ್ಟಿದ್ದಾರೆ. ನೀರು ಆಮ್ಲೀಯವಾಗುತ್ತಾ ಬಂದಂತೆ ಚಿಪ್ಪು ತಾನಾಗಿ ಕರಗಿ ಕೊರತೆ ತುಂಬುತ್ತದೆ. ಅಂತಹ ನೀರಿಗೆ ನಿಯಾನ್ ಟೆಟ್ರಾದಂತಹ ಅಮೆಜಾನಿನ ಮೀನುಗಳು ಚೆನ್ನಾಗಿ ಒಗ್ಗುತ್ತವೆ. ನಮ್ಮದೇ ಘಟ್ಟದ ತೊರೆಗಳ ಮೀನಾದ ಮಿಸ್ ಕೇರಳವೂ ಒಗ್ಗುತ್ತದೆ. ಕೇರಳ ಮತ್ತು ಕರ್ನಾಟಕದ ಪಶ್ಚಿಮಘಟ್ಟಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಈ ಮೀನಿಗೆ 2013ರಲ್ಲಿ ಸಹ್ಯಾದ್ರಿಯಾ ಎಂಬ ಕುಲನಾಮ ಬಂತು. ತೊರೆಗಳಿಂದ ಹಿಡಿದು ಮಾರಿದ್ದರಿಂದಲೂ ಅದರ ಸಂಖ್ಯೆ ಕುಗ್ಗಿ ಅಳಿವಿನಂಚಿನ ಪಟ್ಟಿಯಲ್ಲಿರುವುದರಿಂದ, ಸಾಕುವುದಾದರೆ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದದ್ದನ್ನು ಕೇಳಿ ತರಬೇಕು. ಅದಕ್ಕೆ ನಾಲ್ಕು ಅಡಿಯ ತೊಟ್ಟಿಯೂ ಬೇಕು. ಮೀನನ್ನು ಆರಿಸಿ ಆಮೇಲೆ ನೀರನ್ನು ತಿದ್ದುವುದಕ್ಕಿಂತ ನಳದ ನೀರನ್ನು ನೋಡಿ ಮೀನನ್ನು ಆರಿಸುವುದು ಖರ್ಚಿನಲ್ಲಿಯೂ ಶ್ರಮದಲ್ಲಿಯೂ ಹಗುರ. ನಾವು ಗಪ್ಪಿಗಳಿಂದ ಬೇರೆ ಮೀನಿಗೆ ಹೋಗದಿರಲು ಅದೇ ಕಾರಣ.

ಈ ವರ್ಷದ ಮೊದಲ ಟ್ಯಾಂಕರ್ ಹೋದ ಗುರುವಾರ ನಮ್ಮ ಸೊಸೈಟಿಗೆ ಬಂತು. ಇಂದು ಬೆಳಿಗ್ಗೆ ನಳದ ನೀರು 290 ತೋರಿಸಿತು. ಎಂಟು ಲೀಟರ್ ನಳದ ನೀರು, ನಾಲ್ಕು ಲೀಟರ್ ಆರ್‌ಒ ನೀರು ಬೆರೆಸಿ, ಗಾಳಿ ಪಂಪು ಹಚ್ಚಿ ಇಟ್ಟಿದ್ದೇನೆ. ಬೆರಕೆಯ ನಂತರ ಮೀಟರ್ 205ಕ್ಕೆ ನಿಂತಿತು. ಮಗಳು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹನಿ ಎಣಿಸಿದಳು. ಆರನೆಯ ಹನಿಗೆ ಹಳದಿಯಾಯಿತು. ತೊಟ್ಟಿಯ ಪಕ್ಕದಲ್ಲಿ ತೂಗುಹಾಕಿದ ವಹಿಯಲ್ಲಿ ತಾರೀಖು ಬರೆದು, ಅದರ ಮುಂದೆ ಅವಳೇ ಆರು ಎಂದು ಬರೆದಿದ್ದಾಳೆ.